ನೀರಿನ ಜವಾಬ್ದಾರಿ



ಒಂದು ಬೇಸಿಗೆಯಲ್ಲಿ ಖಾನಾಪುರದ ಕಡೆ ಕಾಡಂಚಿನ ಶಿಬಿರದಲ್ಲಿ ನಾನು ಹದಿನಾಲ್ಕು ಮಕ್ಕಳ ಜೊತೆ ನಾಲ್ಕು ರಾತ್ರಿ ಕಳೆದೆ. ಎಂಟನೇ ಇಯತ್ತೆಯ ಒಬ್ಬ ಹುಡುಗನಿಗೆ ನೀರಿನ ಕೆಲಸ ಬಂದಿತ್ತು. ಬೆಳಕಿರುವಾಗಲೇ ಕೊಡ ತುಂಬಿಡಬೇಕು, ಅಷ್ಟೆ. ಅವನು ಮರೆತ. ಒಲೆ ಹೊತ್ತಿಸಿ, ಅಕ್ಕಿ ಅಳೆದು, ಕೊಡ ಬಗ್ಗಿಸಿದರೆ ತಳದಲ್ಲಿ ಎರಡು ಚರಿಗೆ ನೀರು. ನಾವು ದೊಡ್ಡವರು ಹೋಗಿ ತಂದುಬಿಡಬಹುದಿತ್ತು. ತರಲಿಲ್ಲ. ಮಕ್ಕಳೇ ಬ್ಯಾಟರಿ ಹಿಡಿದು ಸಾಲಾಗಿ ಹೊರಟರು, ನಾನು ಹಿಂದೆ ಸುಮ್ಮನೆ ನಡೆದೆ. ಊಟ ಮುಗಿದಾಗ ರಾತ್ರಿ ಹತ್ತೂವರೆ. ಅವನನ್ನು ಯಾರೂ ಬೈಯಲಿಲ್ಲ, ಹಸಿದ ಗೆಳೆಯರ ಮುಖ ನೋಡಿದ್ದೇ ಅವನಿಗೆ ಸಾಕಾಗಿತ್ತು. ಮರುದಿನ ಕೆಲಸ ಬದಲಿಸುವಾಗ ಅವನೇ ಎದ್ದು ನಿಂತ: "ಸರ್, ನೀರಿಂದು ನನ್ನ ಕಡೇನ ಇರಲಿರಿ."

ಮನೆಗೆ ಬೀಗರು ಬಂದರೆ ಒಳಗೆ ಓಡುವ ಹುಡುಗ ಎಂದು ಅವನ ತಾಯಿ ನನಗೆ ಮೊದಲೇ ಹೇಳಿದ್ದರು.

ಧೈರ್ಯ, ಮುಂದಾಳುತನ ಎಂದು ವೇದಿಕೆಯಿಂದ ಎಷ್ಟು ಹೇಳಿದರೂ ಮಗುವಿಗೆ ಅವು ಹತ್ತುವುದಿಲ್ಲ. ತಪ್ಪಿದರೆ ನಾಲ್ಕು ಜನರಿಗೆ ತೊಂದರೆಯಾಗುವಂಥ ನಿಜವಾದ ಕೆಲಸ ಕೈಗೆ ಬರಬೇಕು, ದೊಡ್ಡವರು ಎರಡು ಹೆಜ್ಜೆ ಹಿಂದೆ ಸರಿಯಬೇಕು. ಕಾಡಿನ ಶಿಬಿರದಲ್ಲಿ ನೀರು, ಬೆಂಕಿ, ದಾರಿ, ಕತ್ತಲೆ ಎಲ್ಲವೂ ಅಂಥ ಕೆಲಸಗಳೇ.

ಈ ಮಾತು ಹೊರಗಿನಿಂದ ಬಂದದ್ದಲ್ಲ. ಡಾ. ನಾ. ಸು. ಹರ್ಡೀಕರ್ ಅವರನ್ನು ನೆನೆಯಿರಿ. ಧಾರವಾಡದಲ್ಲಿ 1889ರಲ್ಲಿ ಹುಟ್ಟಿ, ಅಮೆರಿಕದಲ್ಲಿ ಓದಿ, ಹುಬ್ಬಳ್ಳಿಗೆ ಮರಳಿ ತರುಣರನ್ನು ಕೂಡಿಸಿದವರು. 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಹುಬ್ಬಳ್ಳಿ ಸೇವಾ ಮಂಡಲದ ಹುಡುಗರು ಜೈಲು ಸೇರಿದರು. ಮಾಫಿ ಬರೆದುಕೊಟ್ಟರೆ ಬಿಡುಗಡೆ ಎಂದಾಗಲೂ ಬರೆದುಕೊಡಲಿಲ್ಲ. ಆ ಗಟ್ಟಿತನ ದೇಶದ ಕಣ್ಣಿಗೆ ಬಿತ್ತು. ಅದೇ ಡಿಸೆಂಬರಿನಲ್ಲಿ ಕಾಕಿನಾಡದ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದುಸ್ತಾನಿ ಸೇವಾ ದಳ ಹುಟ್ಟಿತು. ಕವಾಯತು, ಶಿಬಿರ, ಶಿಸ್ತು ಅದರ ಉಸಿರು.

ಮರುವರ್ಷ, 1924ರ ಡಿಸೆಂಬರಿನಲ್ಲಿ, ನಮ್ಮ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಅಧಿವೇಶನ. ಟಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಡೇರೆಯ ಊರೇ ಎದ್ದಿತು. ಸಾವಿರಾರು ಜನರಿಗೆ ಊಟ, ನೀರು, ಸ್ವಚ್ಛತೆ, ಕಾವಲು ಎಲ್ಲವನ್ನೂ ಹೊತ್ತವರಲ್ಲಿ ಹರ್ಡೀಕರರ ತರುಣ ಸ್ವಯಂಸೇವಕರು ಮುಂದಿದ್ದರು. ಅಲ್ಲಿಯೂ ಮೊದಲ ಚಿಂತೆ ನೀರಿನದೇ. ಆಗ ತೋಡಿದ ಬಾವಿಯನ್ನು ಜನ ಇಂದಿಗೂ ಕಾಂಗ್ರೆಸ್ ಬಾವಿ ಎನ್ನುತ್ತಾರೆ. ಬೆಳಗಾವಿಗೆ ಹೋದಾಗ ಮಕ್ಕಳಿಗೆ ಅದನ್ನು ತೋರಿಸಿ.

ನನಗೆ ಈ ಎಲ್ಲಕ್ಕಿಂತ ದೊಡ್ಡದೆನಿಸುವುದು ಉಮಾಬಾಯಿ ಕುಂದಾಪುರ ಅವರ ಕೆಲಸ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ಸೇವಾ ದಳದ ಮಹಿಳಾ ವಿಭಾಗವನ್ನು ಮುನ್ನಡೆಸಿದವರು. ಬೆಳಗಾವಿ ಅಧಿವೇಶನಕ್ಕೆ ಅವರು ಮನೆಮನೆಯಿಂದ ಹೆಣ್ಣುಮಕ್ಕಳನ್ನು, ಹೊಸ್ತಿಲು ದಾಟದ ವಿಧವೆಯರನ್ನು ಸಹ, ಸ್ವಯಂಸೇವಕಿಯರಾಗಿ ಕರೆತಂದರು. ನೂರು ವರ್ಷದ ಹಿಂದೆ, ಊರವರ ಬಾಯಿಗೆ ಅಂಜದೆ, ಒಬ್ಬ ಹೆಣ್ಣುಮಗಳು ಇಷ್ಟು ಜನರೆದುರು ಜವಾಬ್ದಾರಿ ಹೊತ್ತು ನಿಲ್ಲುವುದೆಂದರೆ ಏನು, ತಾಯಂದಿರೆ, ನೀವೇ ಊಹಿಸಿ.



ಹೊರಜಗತ್ತೂ ಇದೇ ಪಾಠ ಕಲಿತಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಹಡಗುಗಳು ಮುಳುಗಿದಾಗ ಗಟ್ಟಿಮುಟ್ಟಾದ ಎಳೆಯ ನಾವಿಕರೇ ಮೊದಲು ಕೈಚೆಲ್ಲುತ್ತಾರೆ, ವಯಸ್ಸಾದವರು ಬದುಕಿ ಬರುತ್ತಾರೆ ಎಂಬುದನ್ನು ಹಡಗು ಕಂಪನಿಯ ಲಾರೆನ್ಸ್ ಹೋಲ್ಟ್ ಗಮನಿಸಿದರು. ಹಿರಿಯರು ಗಾಳಿ, ಅಲೆಗಳ ಜೊತೆ ಹೆಣಗಿ ಪಳಗಿದ್ದರು. ಹಿಟ್ಲರನ ಜರ್ಮನಿ ಬಿಟ್ಟು ಬಂದಿದ್ದ ಶಿಕ್ಷಕ ಕುರ್ಟ್ ಹಾನ್ ಅವರ ಜೊತೆ ಸೇರಿ ಹೋಲ್ಟ್ 1941ರಲ್ಲಿ ವೇಲ್ಸಿನ ಅಬರ್ಡವಿಯಲ್ಲಿ ತರುಣರಿಗಾಗಿ ಔಟ್‌ವರ್ಡ್ ಬೌಂಡ್ ಶಾಲೆ ತೆರೆದರು. ಇಂದು ಅದು ಹಲವು ದೇಶಗಳಲ್ಲಿ ಹಬ್ಬಿದೆ.

ಆದರೆ ಅಂಥ ಪಾಠ ನಮ್ಮಲ್ಲೂ ಇದೆ. ನಮ್ಮ ಹೊಲಗಳಲ್ಲಿ ಕುರಿ ನಿಲ್ಲಿಸಲು ಬರುವ ಕುರುಬರ ಹುಡುಗನನ್ನು ನೋಡಿದ್ದೀರಲ್ಲ? ಹನ್ನೆರಡು ವರ್ಷಕ್ಕೇ ಹಿಂಡಿನ ಲೆಕ್ಕ ಅವನ ತಲೆಯಲ್ಲಿ, ರಾತ್ರಿ ತೋಳದ ಸುಳಿವು ಅವನ ಕಿವಿಯಲ್ಲಿ. ಅವನ ಶಾಲೆ ತಪ್ಪುವುದು ಅನ್ಯಾಯ, ಅದನ್ನು ನಾನು ಹೊಗಳಲಾರೆ. ಹಾಗೆಯೇ ನಮ್ಮ ಮಕ್ಕಳು ಸೂಟಿಯನ್ನೆಲ್ಲ ಟ್ಯೂಷನ್ನು, ಮೊಬೈಲಿನಲ್ಲಿ ಕಳೆದು, ಹದಿನಾರಾದರೂ ಕತ್ತಲಲ್ಲಿ ಹಿತ್ತಲಿಗೆ ಹೋಗಲು ಅಂಜುವುದೂ ನನಗೆ ಸಂಕಟ ತರುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ ಉಕ್ಕಿ ಈ ಭಾಗದ ಊರುಗಳಿಗೆ ನುಗ್ಗಿದವು, 2021ರಲ್ಲಿ ಮತ್ತೆ. ಅಂಥ ರಾತ್ರಿ ಯಾರ ಮನೆಯಲ್ಲಿ ಮುದುಕರಿದ್ದಾರೆ, ಯಾವ ದನ ಮೊದಲು ಬಿಚ್ಚಬೇಕು ಎಂದು ಯೋಚಿಸುವ ಹುಡುಗ ಹುಡುಗಿಯರು ಊರಿಗೆ ಬೇಕು.

ಸುರಕ್ಷತೆಯ ವಿಷಯದಲ್ಲಿ ನಾನು ಕಠಿಣ. ಪ್ರತಿ ಬೇಸಿಗೆ ನದಿ, ಕಾಲುವೆಗಳಲ್ಲಿ ಮಕ್ಕಳು ಮುಳುಗುತ್ತಾರೆ. ಈಜು ಬಲ್ಲ ದೊಡ್ಡವರು ದಂಡೆಯಲ್ಲಿಲ್ಲದೆ ಯಾವ ಮಗುವೂ ನೀರಿಗಿಳಿಯಬಾರದು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಬೇಡ, ನೇರ ಆಸ್ಪತ್ರೆಗೆ. ಶಿಬಿರಕ್ಕೆ ಒಂದು ಗಾಡಿ ಸದಾ ಸಿದ್ಧವಿರಲಿ, ಹೆಣ್ಣುಮಕ್ಕಳಿದ್ದಲ್ಲಿ ಶಿಕ್ಷಕಿಯರು ಜೊತೆಗಿರಲಿ. ಇದಿಷ್ಟು ದೊಡ್ಡವರ ಪಾಲಿನ ಕೆಲಸ. ಅಡುಗೆ, ಕಾವಲು, ದಾರಿ ಹುಡುಕುವುದು ಮಕ್ಕಳಿಗೆ ಬಿಡಿ, ಅನ್ನ ಹೊತ್ತಿದರೂ ಬಿಡಿ.

ಶಿಬಿರಕ್ಕೆ ದೂರ ಹೋಗಬೇಕಿಲ್ಲ. ಧೂಪದಾಳದ ಹಿನ್ನೀರಿನಲ್ಲಿ ಘಟಪ್ರಭಾ ಪಕ್ಷಿಧಾಮವಿದೆ. ಖಾನಾಪುರ ತಾಲ್ಲೂಕಿನಲ್ಲಿ ಮಹದಾಯಿ ಹುಟ್ಟುವ ಭೀಮಗಡದ ಕಾಡಿದೆ, 2011ರಲ್ಲಿ ವನ್ಯಜೀವಿಧಾಮವಾಯಿತು. ಸರ್ಕಾರಿ ಶಾಲೆಯ ಮಕ್ಕಳಿಗೆ ಅರಣ್ಯ ಇಲಾಖೆಯ 'ಚಿಣ್ಣರ ವನ ದರ್ಶನ' ಕಾರ್ಯಕ್ರಮ ಇದೆ. ಮುಖ್ಯೋಪಾಧ್ಯಾಯರು ಈಗಲೇ ವಲಯ ಅರಣ್ಯಾಧಿಕಾರಿಗಳಿಗೆ ಒಂದು ಪತ್ರ ಬರೆಯಲಿ.

ಅಲ್ಲಿಯವರೆಗೆ ಕರೋಶಿಯ ಹೊರಗಿನ ಯಾವುದಾದರೂ ತೋಟದಲ್ಲಿ ಒಂದೇ ಒಂದು ರಾತ್ರಿಯ ಶಿಬಿರವನ್ನು ಊರಿನ ಸಂಘವೇ ಮಾಡಲಿ. ಮಗನ ಹೆಸರು ಬರೆಸುವಾಗ ಮಗಳ ಹೆಸರನ್ನೂ ಬರೆಸಿ. ನೀರಿನ ಕೆಲಸ ಯಾರಿಗೆಂದು ಅವರೇ ತೀರ್ಮಾನಿಸಲಿ.