ಘಾಟಿ ರಸ್ತೆಯ ಕಾರುಗಳೂ ನಮ್ಮ ಬಸ್ಸೂ

(ದಿಂಡಿಗಲ್ ಜಿಲ್ಲೆಯ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ದೊಡ್ಡ ಪಟ್ಟಣಗಳಲ್ಲಿ ಕಾರುಗಳ ಓಡಾಟ ಕಡಿಮೆ ಮಾಡಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಕಾರೇ ಇಲ್ಲದ ನಮಗೆ ಇದರಿಂದ ಏನಾಗಬೇಕು ಎಂದು ನಿಮ್ಮಲ್ಲಿ ಕೆಲವರು ಕೇಳಿದಿರಿ. ಕಾರಿಲ್ಲದವರಿಗೇ ಇದು ಹೆಚ್ಚು ಸೇರಿದ ವಿಷಯ ಎಂದು ಹೇಳಲು ಇಂದು ನಿಮ್ಮ ಮುಂದೆ ನಿಂತಿದ್ದೇವೆ.

ಒಂದು ಮೇ ತಿಂಗಳ ಶನಿವಾರ ನಾವು ವತ್ತಲಗುಂಡಿಗೆ ಘಾಟಿ ಇಳಿಯುವ ಬಸ್ಸಿನಲ್ಲಿದ್ದೆವು. ಚೆನ್ನೈ, ಕೊಯಮತ್ತೂರು, ಬೆಂಗಳೂರಿನ ಕಾರುಗಳು ಎದುರಿನಿಂದ ಒಂದೇ ಸಮನೆ ಹತ್ತಿ ಬರುತ್ತಿದ್ದವು. ಒಂದನ್ನೊಂದು ಹಿಂದೆ ಹಾಕಲು ಹೋಗಿ ತಿರುವಿನಲ್ಲಿ ಇಡೀ ರಸ್ತೆಯನ್ನೇ ಕಟ್ಟಿಬಿಟ್ಟವು. ಎರಡು ಗಂಟೆ ನಮ್ಮ ಬಸ್ಸು ಅಲುಗಲಿಲ್ಲ. ಪಕ್ಕದ ಸೀಟಿನಲ್ಲಿ ತೋಟದ ಒಬ್ಬ ತಂಗಿ ಜ್ವರದಿಂದ ಸುಡುತ್ತಿದ್ದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೊರಟಿದ್ದಳು. ದೇವರ ದಯೆ, ಮಗು ಉಳಿಯಿತು. ಆದರೆ ಆ ತಾಯಿಯ ಮುಖವನ್ನು ನಾವು ಮರೆತಿಲ್ಲ. ಎದುರಿನ ಕಾರುಗಳಲ್ಲಿ ಇಬ್ಬರೋ ಮೂವರೋ. ನಮ್ಮ ಬಸ್ಸಿನಲ್ಲಿ ಅರವತ್ತು ಜನ. ರಸ್ತೆ ಯಾರದು ಎಂಬ ಪ್ರಶ್ನೆ ಅಂದೇ ನಮ್ಮ ಮನಸ್ಸಿನಲ್ಲಿ ಹುಟ್ಟಿತು.

ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಕೊಡೈಕನಾಲಿಗೆ ಬರುವ ಪ್ರವಾಸಿಗಳ ವಾಹನಗಳಿಗೆ ಇ-ಪಾಸ್ ಬೇಕಾಯಿತು. ಮರುವರ್ಷ, 2025ರ ಏಪ್ರಿಲ್ 1ರಿಂದ ಜೂನ್ ಕೊನೆಯವರೆಗೆ, ದಿನಕ್ಕೆ 4,000 ವಾಹನ, ವಾರದ ಕೊನೆಯಲ್ಲಿ 6,000 ಎಂದು ಮಿತಿ ಹಾಕಿದರು. ಊರಿನವರ ವಾಹನಗಳಿಗೂ ಸರ್ಕಾರಿ ಬಸ್ಸುಗಳಿಗೂ ಈ ಮಿತಿ ಇರಲಿಲ್ಲ. ನೀವೇ ಲೆಕ್ಕ ಹಾಕಿ. 4,000 ಕಾರುಗಳಲ್ಲಿ ತಲಾ ನಾಲ್ವರೆಂದರೆ 16,000 ಜನ. ಐವತ್ತು ಸೀಟಿನ ಬಸ್ಸಾದರೆ 320 ಸಾಕು.

ಇಲ್ಲಿ ಒಂದು ಕಷ್ಟವಿದೆ. ನಮ್ಮ ಹುಡುಗರಲ್ಲಿ ಕೆಲವರು ಪ್ರವಾಸಿಗಳ ವ್ಯಾನು ಓಡಿಸುತ್ತಾರೆ. ನಮ್ಮ ಅಕ್ಕತಂಗಿಯರು ರಸ್ತೆ ಬದಿಯಲ್ಲಿ ಹಣ್ಣು ಮಾರುತ್ತಾರೆ. ಕಾರು ನಿಂತರೆ ಅವರ ಒಲೆ ಉರಿಯುವುದು ಹೇಗೆ? ಇದು ನ್ಯಾಯವಾದ ಪ್ರಶ್ನೆ. ಜನ ಬರಬಾರದೆಂದು ನಾವು ಹೇಳುತ್ತಿಲ್ಲ. ಜನ ಬಸ್ಸಿನಲ್ಲಿ ಬರಲಿ ಎನ್ನುತ್ತೇವೆ. ಬಸ್ಸು ಕೊಡದೆ ಕಾರಿಗೆ ಬೇಲಿ ಮಾತ್ರ ಹಾಕಿದರೆ ನಷ್ಟ ಬಡವನಿಗೇ.

ಲಂಡನ್ ಪಟ್ಟಣದವರು ಇದನ್ನು ತಿಳಿದು ನಡೆದರು. 2003ರ ಫೆಬ್ರವರಿಯಲ್ಲಿ ಪಟ್ಟಣದ ನಡುಭಾಗಕ್ಕೆ ಬರುವ ಕಾರುಗಳಿಗೆ ದಿನಕ್ಕೆ 5 ಪೌಂಡ್ ಸುಂಕ ಹಾಕಿದರು. ಜೊತೆಗೇ ಬಸ್ಸುಗಳನ್ನು ಹೆಚ್ಚಿಸಿದರು. ಸುಂಕದಲ್ಲಿ ಉಳಿದ ಹಣವನ್ನು ಸಾರಿಗೆಗೇ ಖರ್ಚು ಮಾಡಬೇಕೆಂದು ಕಾನೂನಿನಲ್ಲೇ ಬರೆದಿಟ್ಟರು.

ಅಷ್ಟು ದೂರವೇಕೆ? ನಮ್ಮ ಬೋಡಿ ರೈಲನ್ನೇ ನೋಡಿ. ಮಧುರೆ–ಬೋಡಿನಾಯಕನೂರು ಮೀಟರ್‌ಗೇಜ್ ರೈಲು 2010ರ ಕೊನೆಗೆ ಬ್ರಾಡ್‌ಗೇಜ್ ಕೆಲಸಕ್ಕೆಂದು ನಿಂತಿತು. ತೇನಿಗೆ ರೈಲು ಮತ್ತೆ ಬಂದದ್ದು 2022ರ ಮೇ 26ರಂದು, ಬೋಡಿಗೆ 2023ರ ಜೂನ್ 15ರಂದು. ಹನ್ನೆರಡು ವರ್ಷ ಕಂಬಂ ಕಣಿವೆಯ ಜನ ರಸ್ತೆಯನ್ನೇ ನಂಬಿದರು. ಸಾಲ ಮಾಡಿ ಬೈಕು ಕೊಂಡವರು ನಮ್ಮಲ್ಲೇ ಇದ್ದಾರೆ. ಹೊತ್ತಿಗೆ ಸರಿಯಾಗಿ ರೈಲೂ ಬಸ್ಸೂ ಸಿಗದಿದ್ದರೆ ಬಡವನೂ ಸಾಲದ ಗಾಡಿ ಹತ್ತುತ್ತಾನೆ, ಹಣವಂತನೂ ಕಾರು ಬಿಟ್ಟು ಇಳಿಯುವುದಿಲ್ಲ.

2021ರ ಮೇ ತಿಂಗಳಲ್ಲಿ ತಮಿಳುನಾಡಿನ ಸಾಮಾನ್ಯ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂತು. ಕೊಡೈಕನಾಲ್, ನೀಲಗಿರಿ, ವಾಲ್ಪಾರೈ ಬೆಟ್ಟಗಳಿಗೂ ಅದನ್ನು ವಿಸ್ತರಿಸುವುದಾಗಿ 2024ರ ಬಜೆಟ್ಟಿನಲ್ಲಿ ಸರ್ಕಾರ ಹೇಳಿತು. ಒಳ್ಳೆಯದೇ. ಆದರೆ ಟಿಕೇಟು ಉಚಿತವಾದರೆ ಸಾಲದು, ಬಸ್ಸೂ ಬರಬೇಕಲ್ಲವೇ? ಬಸ್ಸು ತಡವಾದರೆ ಹಾಜರಿ ತಪ್ಪುತ್ತದೆ, ಅರ್ಧ ದಿನದ ಕೂಲಿ ಹೋಗುತ್ತದೆ.

ಆದ್ದರಿಂದ ಸಂಘದ ಮೂಲಕ ಮೂರು ಬೇಡಿಕೆಗಳನ್ನು ಮುಂದಿಡೋಣ. ಮೊದಲನೆಯದು, ಹಾಜರಿಯ ಹೊತ್ತಿಗೆ ತೋಟದ ಊರುಗಳಿಗೆ ಬಸ್ಸು ಬೇಕು. ಎರಡನೆಯದು, ಕೊಡೈಕನಾಲ್ ರೋಡ್ ರೈಲು ನಿಲ್ದಾಣ ಬೆಟ್ಟದಿಂದ ಸುಮಾರು 80 ಕಿಲೋಮೀಟರ್ ಕೆಳಗಿದೆ. ಪಟ್ಟಣದವರು ಕಾರು ಮನೆಯಲ್ಲೇ ಬಿಟ್ಟು ಬರುವಂತೆ, ಅಲ್ಲಿ ರೈಲಿನ ವೇಳೆಗೆ ಸರಿಯಾಗಿ ಬೆಟ್ಟದ ಬಸ್ಸು ನಿಲ್ಲಬೇಕು. ಮೂರನೆಯದು, ಎಂದಾದರೂ ಕಾರುಗಳಿಗೆ ಸುಂಕ ಹಾಕಿದರೆ ಆ ಹಣ ಬಸ್ಸಿಗೇ ಸೇರಬೇಕು.

ಬರಿಯ ಬಾಯಿಮಾತಿನ ಮನವಿಗೆ ಬೆಲೆಯಿಲ್ಲ. ಪ್ರತಿ ಲೈನ್‌ಮನೆಯಲ್ಲೂ ಓದುಬರಹ ಬಲ್ಲ ಒಂದು ಮಗು ಒಂದು ತಿಂಗಳ ಕಾಲ ಬಸ್ಸು ಬಂದ ಹೊತ್ತನ್ನು, ಬಾರದ ದಿನವನ್ನು ನೋಟುಬುಕ್ಕಿನಲ್ಲಿ ಬರೆದಿಡಲಿ. ಆ ಪುಸ್ತಕಗಳನ್ನೆಲ್ಲ ಕೂಡಿಸಿ ಅಧಿಕಾರಿಗಳ ಮೇಜಿನ ಮೇಲೆ ಇಡೋಣ. ಮುಂದಿನ ಮೇ ತಿಂಗಳಲ್ಲಿ ಯಾವ ತಾಯಿಯೂ ಜ್ವರದ ಮಗುವನ್ನು ಹಿಡಿದುಕೊಂಡು ಆ ತಿರುವಿನಲ್ಲಿ ಕಾಯಬಾರದು.