ಹೊಸತೆಂಬುದರ ಒರೆಗಲ್ಲು

ಒಬ್ಬ ಕವಿಯ ಮಾತು ಇನ್ನೊಬ್ಬನ ಮಾತನ್ನು ಹೋಲಿದರೆ ಅದನ್ನು ಹೊಸತೆನ್ನಬಹುದೆ ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಬಹು ಹಿಂದೆಯೇ ಎತ್ತಿದ್ದರು. ಆನಂದವರ್ಧನನು ಧ್ವನ್ಯಾಲೋಕದ ಕೊನೆಯ ಉದ್ದ್ಯೋತದಲ್ಲಿ ಇಂತಹ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ: ಕನ್ನಡಿಯಲ್ಲಿನ ಪ್ರತಿಬಿಂಬದಂತಹುದು, ಚಿತ್ರದಲ್ಲಿ ಬರೆದ ಆಕೃತಿಯಂತಹುದು, ಇಬ್ಬರು ಮನುಷ್ಯರ ಮೈಕಟ್ಟು ಹೋಲುವಂತಹುದು. ಮೊದಲೆರಡನ್ನು ಕವಿ ಬಿಡತಕ್ಕದ್ದು. ಮೂರನೆಯದು ಸಲ್ಲುತ್ತದೆ, ಏಕೆಂದರೆ ಅಲ್ಲಿ ಮೈ ಹೋಲಿದರೂ ಜೀವ ಬೇರೆ. ಕಾವ್ಯದಲ್ಲಿ ಈ ವಿಚಾರಣೆ ತಪ್ಪಿದರೆ ಕೆಡುವುದು ಹೆಚ್ಚೆಂದರೆ ಒಬ್ಬ ಕವಿಯ ಹೆಸರು. ಔಷಧದ ವಿಷಯದಲ್ಲಿ ಇದೇ ವಿಚಾರಣೆ ನಡೆದಾಗ ತಕ್ಕಡಿಯಲ್ಲಿ ಕೂರುವುದು ರೋಗಿಗಳ ಆಯುಷ್ಯ. ಅಂತಹ ಒಂದು ವಿಚಾರಣೆಯನ್ನು ಕುರಿತು ಇಂದು ಕೆಲವು ಮಾತು ಹೇಳಬಯಸುತ್ತೇನೆ.

ಪೇಟೆಂಟು ಎಂದರೆ ಒಂದು ಕೊಡುಕೊಳ್ಳುವಿಕೆ. ಹೊಸತನ್ನು ಕಂಡುಹಿಡಿದವನು ಅದರ ಗುಟ್ಟನ್ನು ಲೋಕಕ್ಕೆ ಬಿಚ್ಚಿಡುತ್ತಾನೆ. ಲೋಕವು ಅವನಿಗೆ 20 ವರ್ಷಗಳ ಏಕಸ್ವಾಮ್ಯವನ್ನು ಕೊಡುತ್ತದೆ. ಆದುದರಿಂದ ಪೇಟೆಂಟು ಕಚೇರಿಯ ಪರೀಕ್ಷಕನು ಮೊದಲು ನೋಡಬೇಕಾದದ್ದು ಒಂದೇ: ಅರ್ಜಿಯ ದಿನಕ್ಕೆ ಮುಂಚೆಯೇ ಲೋಕಕ್ಕೆ ಗೊತ್ತಿದ್ದುದು ಏನು? ಹಳೆಯ ಪೇಟೆಂಟುಗಳು, ಪತ್ರಿಕೆಗಳ ಲೇಖನಗಳು, ಪುಸ್ತಕಗಳು, ಎಲ್ಲವೂ ಸೇರಿದ ಈ ರಾಶಿಗೆ ಪೂರ್ವಜ್ಞಾನ ಎನ್ನೋಣ. ಇದ್ದುದನ್ನೇ ಮತ್ತೆ ಕೊಟ್ಟವನಿಗೆ ಲೋಕ ಬೆಲೆ ತೆರಬೇಕಾಗಿಲ್ಲ.

ನಾನು ಹೇಳಹೊರಟ ವಸ್ತುವಿನ ಹೆಸರು ಇಮಾಟಿನಿಬ್. ದೀರ್ಘಕಾಲಿಕ ಮೈಲಾಯ್ಡ್ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರಿನಲ್ಲಿ ಒಂದು ವಿಕೃತ ಪ್ರೋಟೀನು ಜೀವಕೋಶಗಳಿಗೆ ಬೆಳೆಯಿರೆಂದು ಎಡೆಬಿಡದೆ ಅಪ್ಪಣೆ ಕೊಡುತ್ತಿರುತ್ತದೆ. ಇಮಾಟಿನಿಬ್ ಆ ಅಪ್ಪಣೆಯ ಬಾಯಿ ಕಟ್ಟುತ್ತದೆ. ಮದ್ದನ್ನು ದಿನವೂ ಸೇವಿಸುತ್ತ ರೋಗಿ ಎಷ್ಟೋ ವರ್ಷ ಬದುಕಬಲ್ಲ. ಇದು ನಿಜವಾಗಿ ಹೊಸತು, ಅದರಲ್ಲಿ ನನಗೆ ಸಂಶಯವಿಲ್ಲ. ಸ್ವಿಟ್ಜರ್ಲೆಂಡಿನ ರಸಾಯನವಿಜ್ಞಾನಿ ಯುರ್ಗ್ ಜಿಮರ್ಮನ್ ಅವರ ಹೆಸರಿನಲ್ಲಿ ಈ ಗುಂಪಿನ ಸಂಯುಕ್ತಗಳಿಗೆ 1996ರ ಮೇ ತಿಂಗಳಲ್ಲಿ ಅಮೆರಿಕದ ಪೇಟೆಂಟು ದೊರೆಯಿತು. ಅದರಲ್ಲಿ ಈ ಸಂಯುಕ್ತಗಳ ಲವಣಗಳ ಮೇಲೂ ಹಕ್ಕು ಕೇಳಲಾಗಿತ್ತು. ಭಾರತದಲ್ಲಿ ಮಾತ್ರ ಆಗ ಔಷಧವಸ್ತುವಿಗೆ ಪೇಟೆಂಟು ಇರಲಿಲ್ಲ. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು 1959ರಲ್ಲಿ ಕೊಟ್ಟ ವರದಿಯ ಜಾಡಿನಲ್ಲಿ ಬಂದ 1970ರ ಕಾನೂನು, ಮದ್ದನ್ನು ತಯಾರಿಸುವ ವಿಧಾನಕ್ಕಷ್ಟೇ ಹಕ್ಕು ಕೊಡುತ್ತಿತ್ತು.

1998ರ ಜುಲೈ 17ರಂದು ನೊವಾರ್ಟಿಸ್ ಸಂಸ್ಥೆ ಚೆನ್ನೈನ ಪೇಟೆಂಟು ಕಚೇರಿಗೆ ಇನ್ನೊಂದು ಅರ್ಜಿ ಹಾಕಿತು. ಕೇಳಿದ್ದು ಇಮಾಟಿನಿಬ್ ಮೆಸಿಲೇಟ್ ಎಂಬ ಲವಣದ ಬೀಟಾ ಹರಳುರೂಪಕ್ಕೆ ಪೇಟೆಂಟು. ಅದೇ ಇಟ್ಟಿಗೆಗಳನ್ನು ಬೇರೊಂದು ಬಗೆಯಲ್ಲಿ ಜೋಡಿಸಿದಂತೆ, ಅದೇ ಅಣುಗಳು ಬೇರೊಂದು ಕ್ರಮದಲ್ಲಿ ನಿಂತರೆ ಹರಳಿನ ರೂಪ ಬೇರೆಯಾಗುತ್ತದೆ. ಬೀಟಾ ಹರಳು ಗಾಳಿಯ ತೇವವನ್ನು ಕಡಿಮೆ ಹೀರುತ್ತದೆ, ಸರಾಗವಾಗಿ ಸುರಿಯುತ್ತದೆ, ಹೆಚ್ಚು ಸ್ಥಿರ. ಮಾತ್ರೆ ಮಾಡುವವನಿಗೆ ಇವೆಲ್ಲ ದೊಡ್ಡ ಗುಣಗಳೇ. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದಕ್ಕೆ ಅನುಗುಣವಾಗಿ ಔಷಧವಸ್ತುವಿಗೂ ಪೇಟೆಂಟು ಕೊಡುವ ಕಾನೂನು 2005ರಲ್ಲಿ ಬರುವವರೆಗೆ ಈ ಅರ್ಜಿ ಕಚೇರಿಯ ಪೆಟ್ಟಿಗೆಯಲ್ಲಿ ಕಾದಿತ್ತು.

ಆ 2005ರ ತಿದ್ದುಪಡಿಯಲ್ಲೇ ಸಂಸತ್ತು ಒಂದು ಒರೆಗಲ್ಲನ್ನೂ ಇಟ್ಟಿತು. ಅದು ಕಾನೂನಿನ 3(ಡಿ) ಉಪವಿಧಿ. ತಿಳಿದ ವಸ್ತುವಿನ ಲವಣವಾಗಲಿ, ಹರಳಿನ ಬೇರೆ ರೂಪವಾಗಲಿ, ಫಲಕಾರಿತ್ವದಲ್ಲಿ ಗಣನೀಯ ಭೇದವನ್ನು ತೋರಿಸದಿದ್ದರೆ ಅದೇ ವಸ್ತುವೆಂದೇ ಲೆಕ್ಕ. ಮೈಯ ಮಾತು ಬಿಡಿ, ಜೀವ ಬೇರೆಯೇ ಎಂದು ಕೇಳಿದ ಆನಂದವರ್ಧನನ ಪ್ರಶ್ನೆಗೆ ಇದು ದೂರದ್ದಲ್ಲವೆಂದು ನನಗೆ ತೋರುತ್ತದೆ. ಕ್ಯಾನ್ಸರ್ ರೋಗಿಗಳ ಒಂದು ಸಂಘವೂ ಕೆಲವು ಭಾರತೀಯ ತಯಾರಕರೂ ಅರ್ಜಿಯನ್ನು ವಿರೋಧಿಸಿದರು. ಕಾರಣ ಎಲ್ಲರಿಗೂ ತಿಳಿದದ್ದೇ: ಕಂಪನಿಯ ಗ್ಲಿವೆಕ್ ಮಾತ್ರೆಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ, ಇಲ್ಲಿಯ ತಯಾರಕರ ಮಾತ್ರೆಗೆ ಸುಮಾರು 10,000. ಅನೇಕ ರೋಗಿಗಳಿಗೆ ಮದ್ದನ್ನು ಧರ್ಮಾರ್ಥ ಕೊಡುತ್ತಿದ್ದೇವೆ ಎಂದು ಕಂಪನಿ ಹೇಳಿತು, ಕೊಡುತ್ತಲೂ ಇತ್ತು. ಆದರೆ ದಾನಕ್ಕೆ ಕೈಯೊಡ್ಡಿ ನಿಲ್ಲುವುದೂ ಅಂಗಡಿಯಲ್ಲಿ ಕೊಳ್ಳಬಲ್ಲವನಾಗಿರುವುದೂ ಒಂದೇ ಅಲ್ಲ.

2006ರ ಜನವರಿಯಲ್ಲಿ ಚೆನ್ನೈ ಕಚೇರಿ ಅರ್ಜಿಯನ್ನು ತಳ್ಳಿಹಾಕಿತು. ನಡುವಿನ ಮೇಲ್ಮನವಿಗಳ ಕಥೆ ದೀರ್ಘವಾದದ್ದು, ಅದನ್ನು ಬಿಡುತ್ತೇನೆ. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಕೊನೆಯ ತೀರ್ಪು ಕೊಟ್ಟರು. ಈ ತೀರ್ಪು ಓದಲು ಬಹಳ ರುಚಿಕರವಾದದ್ದು. ಅದರ ಜೀವಾಳವಿರುವುದು ಪೂರ್ವಜ್ಞಾನದ ಪರಿಶೀಲನೆಯಲ್ಲಿ.

ಕಂಪನಿಯ ವಾದ ಹೀಗಿತ್ತು: ಜಿಮರ್ಮನ್ ಪೇಟೆಂಟಿನ ಬೇಲಿಯೊಳಗೆ ಮೆಸಿಲೇಟ್ ಲವಣ ಬರುತ್ತದೆ ನಿಜ, ಆದರೆ ಆ ಪೇಟೆಂಟು ಅದನ್ನು ಲೋಕಕ್ಕೆ ತಿಳಿಸಿಕೊಟ್ಟಿಲ್ಲ. ಬೇಲಿ ಬೇರೆ, ಅರುಹುವಿಕೆ ಬೇರೆ. ನ್ಯಾಯಾಲಯ ಕಂಪನಿಯ ಹಳೆಯ ಕಾಗದಗಳನ್ನೇ ಮುಂದಿಟ್ಟುಕೊಂಡಿತು. ಅಮೆರಿಕದಲ್ಲಿ ಜಿಮರ್ಮನ್ ಪೇಟೆಂಟಿನ ಅವಧಿಯನ್ನು ಬೆಳೆಸಿಕೊಡಿರೆಂದು ಕೇಳಿದ್ದು ಗ್ಲಿವೆಕ್ ಮಾತ್ರೆಯನ್ನು, ಎಂದರೆ ಈ ಮೆಸಿಲೇಟ್ ಲವಣವನ್ನೇ, ಆಧಾರವಾಗಿಟ್ಟುಕೊಂಡು. ಇಂಗ್ಲೆಂಡಿನಲ್ಲಿ ನ್ಯಾಟ್ಕೊ ಸಂಸ್ಥೆಯ ಮಾತ್ರೆಯ ಮಾರಾಟವನ್ನು ತಡೆಯಲು 2004ರಲ್ಲಿ ನೋಟೀಸು ಕಳಿಸಿದ್ದೂ ಜಿಮರ್ಮನ್ ಪೇಟೆಂಟಿನ ಬಲದಿಂದಲೇ. ಅನ್ಯರನ್ನು ಹೊರಗಿಡುವಾಗ ಆ ಪೇಟೆಂಟು ಲವಣವನ್ನೂ ಒಳಗೊಂಡಿದೆ; ಹೊಸ ಹಕ್ಕು ಕೇಳುವಾಗ ಅದಕ್ಕೆ ಲವಣದ ಸುಳಿವೇ ಇಲ್ಲ! ಬೇಲಿಗೂ ಅರುಹುವಿಕೆಗೂ ನಡುವೆ ಅಷ್ಟು ದೊಡ್ಡ ಕಂದರ ಇರಬಾರದೆಂದು ನ್ಯಾಯಾಲಯ ಹೇಳಿತು. ಮೆಸಿಲೇಟ್ ಲವಣ ತಿಳಿದ ವಸ್ತುವೆಂದು ತೀರ್ಮಾನವಾಯಿತು.

ಉಳಿದದ್ದು ಬೀಟಾ ಹರಳು. ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಮದ್ದು ರಕ್ತಕ್ಕೆ ಸೇರುವ ಪ್ರಮಾಣ ಶೇಕಡ 30ರಷ್ಟು ಹೆಚ್ಚಿತ್ತೆಂದು ಕಂಪನಿ ತೋರಿಸಿತ್ತು. ಯಾವುದಕ್ಕಿಂತ ಹೆಚ್ಚು? ಲವಣವಾಗದ ಮೂಲ ಇಮಾಟಿನಿಬ್‌ಗಿಂತ. ಹೋಲಿಸಬೇಕಾಗಿದ್ದುದು ಆಗಲೇ ತಿಳಿದಿದ್ದ ಮೆಸಿಲೇಟ್ ಲವಣದೊಡನೆ. ಅಲ್ಲದೆ ಮದ್ದಿನ ಫಲಕಾರಿತ್ವವೆಂದರೆ ರೋಗ ಗುಣಪಡಿಸುವ ಶಕ್ತಿ; ಸರಾಗವಾಗಿ ಸುರಿಯುವುದು, ತೇವ ಹೀರದಿರುವುದು ಆ ಲೆಕ್ಕಕ್ಕೆ ಬರುವುದಿಲ್ಲ. ರಕ್ತಕ್ಕೆ ಹೆಚ್ಚು ಸೇರಿದ್ದರಿಂದ ಗುಣ ಹೆಚ್ಚಿತೆಂಬುದನ್ನೂ ಬೇರೆಯಾಗಿ ಸಾಧಿಸಬೇಕು. ಮೇಲ್ಮನವಿ ಬಿದ್ದುಹೋಯಿತು.

ಇಂತಹ ಕಾನೂನಿನಿಂದ ಸಂಶೋಧನೆ ಸೊರಗುತ್ತದೆ ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಉಂಟು. ಹರಳಿನ ಕೆಲಸಕ್ಕೂ ದುಡ್ಡು, ದುಡಿಮೆ ಬೇಕೆಂಬುದು ಸುಳ್ಳಲ್ಲ. ಆದರೆ ಅದರ ಬೆಲೆಯಾಗಿ ಇನ್ನೂ ಹಲವು ವರ್ಷಗಳ ಏಕಸ್ವಾಮ್ಯವನ್ನು ರೋಗಿಯ ತಲೆಯ ಮೇಲೆ ಹೊರಿಸುವುದು ಹೆಚ್ಚಾಯಿತೆಂದೇ ನನ್ನ ಭಾವನೆ. ಅಮೆರಿಕದಲ್ಲಿ ಇದೇ ಬೀಟಾ ಹರಳಿನ ಅರ್ಜಿಯನ್ನು ಪರೀಕ್ಷಕನು ಮೊದಲು ತಿರಸ್ಕರಿಸಿದ್ದನು; ಮೇಲ್ಮನವಿ ಮಂಡಳಿ 2003ರಲ್ಲಿ ಅವನ ಮಾತನ್ನು ತಳ್ಳಿ, 2005ರಲ್ಲಿ ಪೇಟೆಂಟು ಹೊರಬಂದಿತು. ಜಿಮರ್ಮನ್ ಪೇಟೆಂಟಿನ ಬೆಳೆಸಿದ ಅವಧಿ ಅಲ್ಲಿ ಮುಗಿದದ್ದು 2015ರಲ್ಲಿ. ಅಗ್ಗದ ಇಮಾಟಿನಿಬ್ ಅಲ್ಲಿಯ ಔಷಧದಂಗಡಿಗೆ ಮೊದಲು ಬಂದದ್ದು 2016ರ ಫೆಬ್ರವರಿಯಲ್ಲಿ. ಅದನ್ನು ಕಳಿಸಿದ್ದು ಸನ್ ಫಾರ್ಮಾ ಎಂಬ ಭಾರತೀಯ ಕಂಪನಿ.