ಅಪ್ಪ ಕಲಿತ ಅಂಕಿಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಹಳೆಯ ವಿದ್ಯಾರ್ಥಿಯಾಗಿ ನಾಲ್ಕು ಮಾತು ಆಡಬೇಕೆಂದು ನನ್ನನ್ನು ಕೇಳಿದ್ದಾರೆ. ಇಲ್ಲಿ ಓದಿ ದೊಡ್ಡವರಾದವರ ಬಗ್ಗೆ ಬೇರೆಯವರು ಹೇಳುತ್ತಾರೆ. ನಾನು ಈ ಶಾಲೆಯ ಬೆಂಚಿನ ಮೇಲೆ ಒಂದು ದಿನವೂ ಕೂರದ ಇಬ್ಬರ ಬಗ್ಗೆ ಹೇಳುತ್ತೇನೆ. ಒಬ್ಬರು ನನ್ನ ಅಪ್ಪ, ಇನ್ನೊಬ್ಬಳು ನನ್ನ ಅಕ್ಕ.

ಅಪ್ಪನಿಗೆ ಹುಟ್ಟಿದ ತಾರೀಖು ಗೊತ್ತಿರಲಿಲ್ಲ. "ಗಾಂಧಿ ಹೋದಾಗ ನಾನು ದನ ಕಾಯ್ತಿದ್ದೆ ಕಣಪ್ಪ" ಎನ್ನುತ್ತಿದ್ದರು. ಗಾಂಧೀಜಿ ತೀರಿಕೊಂಡದ್ದು 1948ರಲ್ಲಿ. ಆ ಲೆಕ್ಕದಲ್ಲಿ ಅಪ್ಪ ಹೋಗುವಾಗ ತೊಂಬತ್ತರ ಹತ್ತಿರ ಇದ್ದರು. ಹಾಸಿಗೆ ಹಿಡಿದದ್ದು ಕೊನೆಯ ಹನ್ನೊಂದು ದಿನ ಮಾತ್ರ. ಅದಕ್ಕೂ ಹಿಂದಿನ ವಾರ ಕಣದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

ಅವರ ಯೌವನವೆಲ್ಲ ಇನ್ನೊಬ್ಬರ ಹೊಲವನ್ನು ವಾರಕ್ಕೆ ಮಾಡುವುದರಲ್ಲಿ ಹೋಯಿತು. ಬೆಳೆದ ರಾಗಿಯಲ್ಲಿ ಅರ್ಧ ಹೊಲದ ಒಡೆಯರ ಮನೆಗೆ. ನಮ್ಮ ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ ಭೂಸುಧಾರಣೆಯ ಹೊಸ ಕಾನೂನು ಬಂತು. ಉಳುವವನೇ ಹೊಲದೊಡೆಯ ಎಂದರು. ಅಪ್ಪ ಬೇರೆಯವರ ಕೈಲಿ ಏಳನೇ ನಮೂನೆಯ ಅರ್ಜಿ ಬರೆಸಿ ಹೆಬ್ಬೆಟ್ಟು ಒತ್ತಿದರು. ಭೂ ನ್ಯಾಯಮಂಡಳಿ ಕರೆದಾಗಲೆಲ್ಲ ಬುತ್ತಿ ಕಟ್ಟಿಕೊಂಡು ಪಿರಿಯಾಪಟ್ಟಣಕ್ಕೆ ಹೋದರು. ಕೊನೆಗೆ ಎರಡೂಕಾಲು ಎಕರೆ ಅವರ ಹೆಸರಿಗಾಯಿತು. ಓದಲು ಬಾರದಿದ್ದರೂ ಆ ಪಹಣಿಯನ್ನು ಆಗಾಗ ಪೆಟ್ಟಿಗೆಯಿಂದ ತೆಗೆದು ನೋಡಿ, ಮಡಿಸಿ ಒಳಗಿಡುತ್ತಿದ್ದರು.

ಆಮೇಲೆ ಊರಿನವರ ಜೊತೆ ಅಪ್ಪನೂ ಹೊಗೆಸೊಪ್ಪಿಗೆ ಇಳಿದರು. ಸಾಲ ಮಾಡಿ ಬ್ಯಾರನ್ ಕಟ್ಟಿದರು. ಆ ಕೆಲಸ ಇಲ್ಲಿರುವ ಹೆಚ್ಚಿನವರಿಗೆ ಗೊತ್ತು, ಪೇಟೆಯಲ್ಲಿ ಬೆಳೆದ ಮೊಮ್ಮಕ್ಕಳಿಗಾಗಿ ಹೇಳುತ್ತೇನೆ. ಮುಂಗಾರಿನಲ್ಲಿ ನೆಟ್ಟ ಗಿಡದ ಎಲೆಯನ್ನು ಬುಡದಿಂದ ಹಣ್ಣಾದ ಹಾಗೆ ಮುರಿಯಬೇಕು. ಕಡ್ಡಿಗೆ ಕಟ್ಟಿ ಬ್ಯಾರನ್ನಿನೊಳಗೆ ಸಾಲಾಗಿ ಏರಿಸಬೇಕು. ಐದಾರು ದಿನ, ಹಗಲೂ ರಾತ್ರಿ, ಒಲೆಗೆ ಸೌದೆ ಹಾಕುತ್ತಲೇ ಇರಬೇಕು. ಮೊದಲು ತೊಂಬತ್ತೈದು, ನೂರು ಡಿಗ್ರಿಯ ಆಸುಪಾಸಿನಲ್ಲಿ ಎಲೆ ಹಳದಿಯಾಗಬೇಕು. ಆಮೇಲೆ ಸ್ವಲ್ಪಸ್ವಲ್ಪವೇ ಶಾಖ ಏರಿಸುತ್ತಾ, ಕೊನೆಗೆ ನೂರಅರವತ್ತಕ್ಕೆ ತಂದು ನಡುದಂಟು ಒಣಗಿಸಬೇಕು. ಅವಸರ ಮಾಡಿದರೆ ಎಲೆ ಕಪ್ಪಾಗುತ್ತದೆ. ವರ್ಷದ ದುಡಿಮೆ ಒಂದು ರಾತ್ರಿಯಲ್ಲಿ ಹೋಗುತ್ತದೆ.

ಆ ಡಿಗ್ರಿ ನೋಡುವುದಕ್ಕೆ ಥರ್ಮಾಮೀಟರ್ ಇತ್ತು. ಅಪ್ಪನಿಗೆ ಅಂಕಿ ಬರುತ್ತಿರಲಿಲ್ಲ. ಅವ್ವನಿಗೂ ಬರುತ್ತಿರಲಿಲ್ಲ. ಮನೆಯಲ್ಲಿ ಅಂಕಿ ಚೆನ್ನಾಗಿ ಬಲ್ಲವಳೆಂದರೆ ಆಗತಾನೆ ಏಳನೇ ತರಗತಿ ಪಾಸಾಗಿದ್ದ ಅಕ್ಕ. ನನಗಾಗ ಹತ್ತು ವರ್ಷ. "ಈ ಒಂದು ವರ್ಷ ಬ್ಯಾರನ್ ನೋಡ್ಕೊ ಕಣವ್ವ, ಮುಂದಿನ ವರ್ಷ ಹೈಸ್ಕೂಲಿಗೆ ಸೇರುಸ್ತೀನಿ" ಎಂದರು ಅಪ್ಪ. ಅಕ್ಕ ಎದುರು ಮಾತಾಡಲಿಲ್ಲ. ರಾತ್ರಿಯೆಲ್ಲ ಗೋಣಿ ಹೊದ್ದು ಬ್ಯಾರನ್ ಬಾಗಿಲಲ್ಲಿ ಕೂತು, ಗಂಟೆಗೊಮ್ಮೆ ಎದ್ದು, "ಅಪ್ಪ, ನೂರಹತ್ತು" ಎಂದು ಕೂಗುತ್ತಿದ್ದಳು. ನಾನು ಒಳಗೆ ಮಲಗಿ ಆ ದನಿ ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ಬೆಳಗ್ಗೆ ಎದ್ದು ಸ್ಕೂಲಿಗೆ ಹೊರಡುತ್ತಿದ್ದೆ.

ಆ ಒಂದು ವರ್ಷ ಎರಡಾಯಿತು, ಮೂರಾಯಿತು. ಅಷ್ಟರಲ್ಲಿ, 1984ರಲ್ಲಿ, ತಂಬಾಕು ಮಂಡಳಿಯ ಹರಾಜು ಕರ್ನಾಟಕದಲ್ಲಿ ಶುರುವಾಯಿತು. ನಮ್ಮ ಸೊಪ್ಪಿಗೂ ನಾಲ್ಕು ಜನರ ಎದುರು ಬೆಲೆ ಕೂಗುವ ಕಾಲ ಬಂತು. ಕೈಗೆ ಸ್ವಲ್ಪ ಕಾಸು ಬಂದಾಗ ಅಪ್ಪ ನನ್ನನ್ನು ಈ ಶಾಲೆಗೆ ಸೇರಿಸಿದರು. ಅಕ್ಕನನ್ನೂ ಸೇರಿಸುತ್ತೇನೆ ಎಂದರು. ಅಕ್ಕ, "ತಮ್ಮನ ಜೊತೆ ಒಂದೇ ಕ್ಲಾಸಲ್ಲಿ ಹೆಂಗೆ ಕೂರ್ಲಪ್ಪ" ಎಂದು ತಲೆ ತಗ್ಗಿಸಿದಳು. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ.

ಮರುದಿನದಿಂದ ಅಪ್ಪ ಅಂಕಿ ಕಲಿಯಲು ಕೂತರು. ಅಕ್ಕನೇ ಗುರು. ಒಲೆಯ ಮುಂದಿನ ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸುತ್ತಿದ್ದಳು. ಆರು ಮತ್ತು ಒಂಬತ್ತು ಅಪ್ಪನನ್ನು ಬಹಳ ಗೋಳಾಡಿಸಿದವು. ಆ ಹಂಗಾಮು ಮುಗಿಯುವ ಹೊತ್ತಿಗೆ ಅವರೇ ಥರ್ಮಾಮೀಟರ್ ಓದುತ್ತಿದ್ದರು. ಅಲ್ಲಿಂದ ಮುಂದೆ, ನನ್ನ ಹೈಸ್ಕೂಲಿನ ಮೂರು ವರ್ಷವೂ, ರಾತ್ರಿ ಬ್ಯಾರನ್ನಿನ ಹತ್ತಿರ ನಮ್ಮ ಯಾರನ್ನೂ ಬಿಟ್ಟುಕೊಳ್ಳಲಿಲ್ಲ. ಒಬ್ಬರೇ ಕಾಯುತ್ತಿದ್ದರು. ಅವರ ಕಣ್ಣು ಕೊನೆಯವರೆಗೂ ಕೆಂಪಗೇ ಇತ್ತು.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ, ಮೈಸೂರಿನಲ್ಲಿ ಓದಿ, ಕೆಲಸ ಹಿಡಿದೆ. ಅಕ್ಕನಿಗೆ ಪಕ್ಕದ ಊರಿಗೇ ಮದುವೆಯಾಯಿತು. ಅಪ್ಪ ಈ ವಿಷಯ ಎತ್ತಿದ್ದು ಒಂದೇ ಸಲ, ಎಂಬತ್ತು ದಾಟಿದ ಮೇಲೆ. ಪಾಲು ಬರೆಸುವಾಗ ನನ್ನನ್ನು ಕೂರಿಸಿಕೊಂಡು ಹೇಳಿದರು: "ನಾನು ಅಂಕಿಯ ಮೊದಲೇ ಕಲ್ತಿದ್ರೆ ನಿಮ್ಮಕ್ಕ ಹೈಸ್ಕೂಲಿಗೆ ಹೋಗ್ತಿದ್ಲು. ನನ್ನ ದಡ್ಡತನಕ್ಕೆ ಅವಳು ದಂಡ ಕಟ್ಟಿದ್ಲು. ನಿನ್ನ ಓದಲ್ಲಿ ಅವಳ ಪಾಲದೆ, ಮರೀಬೇಡ." ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕಾನೂನು ಹೇಳುತ್ತದೆ. ಆದರೆ ನಮ್ಮ ಕಡೆ ಎಷ್ಟು ಅಕ್ಕತಂಗಿಯರು ಹಕ್ಕು ಬಿಟ್ಟುಕೊಟ್ಟು ಸಹಿ ಹಾಕುತ್ತಾರೆಂದು ನಿಮಗೆ ಗೊತ್ತು. ಅಪ್ಪ ಎರಡೂಕಾಲು ಎಕರೆಯನ್ನು ಸರಿಯಾಗಿ ಎರಡು ಮಾಡಿದರು. ಕೊಳವೆಬಾವಿ ಇರುವ ಭಾಗ ಅಕ್ಕನಿಗೆ ಬಂತು. ನಿಜ ಹೇಳುತ್ತೇನೆ, ಆ ದಿನ ನನ್ನ ಮುಖ ಸ್ವಲ್ಪ ಸಪ್ಪಗಾಯಿತು. ಅಪ್ಪ ಅದನ್ನು ನೋಡಿದರು, ಏನೂ ಅನ್ನಲಿಲ್ಲ. ಈ ವೇದಿಕೆಯ ಮೇಲೆ ನಿಂತು ಅದಕ್ಕೆ ಅವರ ಕ್ಷಮೆ ಕೇಳುತ್ತೇನೆ.

ತಂದೆಯನ್ನು ನೆನೆಯುವಾಗ ಅವರು ತಪ್ಪೇ ಮಾಡಲಿಲ್ಲ ಎನ್ನುವುದು ವಾಡಿಕೆ. ನನ್ನ ಅಪ್ಪ ಒಂದು ತಪ್ಪು ಮಾಡಿದರು. ಬಡತನ ಮಾಡಿಸಿತು ಎನ್ನಬಹುದಿತ್ತು, ಅವರು ಹಾಗೆ ಅನ್ನಲಿಲ್ಲ. ತನ್ನದು ಎಂದು ಒಪ್ಪಿಕೊಂಡು, ಉಳಿದ ಆಯಸ್ಸೆಲ್ಲ ದುಡಿದು ತೀರಿಸಿದರು. ಅವರ ದುಡಿಮೆಗಿಂತ ಇದು ದೊಡ್ಡದು ಎಂದು ನನಗೆ ಈಗ ಅನ್ನಿಸುತ್ತದೆ.

ಅಕ್ಕನ ಮಗಳು ಇದೇ ಶಾಲೆಯಲ್ಲಿ ಓದಿದಳು. ಈಗ ನರ್ಸ್ ಆಗಿದ್ದಾಳೆ. ಜ್ವರದ ಥರ್ಮಾಮೀಟರ್ ನೋಡುವುದು ಅವಳ ದಿನದ ಕೆಲಸ. ಅದನ್ನು ಹೇಳಿ ಅಪ್ಪ ಬಾಯ್ತುಂಬ ನಗುತ್ತಿದ್ದರು.

ಊರಿನ ತಂದೆತಾಯಿಗಳಲ್ಲಿ ನನ್ನದೊಂದು ಬೇಡಿಕೆ. ಸೊಪ್ಪು ಮುರಿಯುವ ಕಾಲದಲ್ಲಿ, ಶುಂಠಿ ಕೀಳುವ ಕಾಲದಲ್ಲಿ ಆಳು ಸಿಗುವುದಿಲ್ಲ, ಒಪ್ಪುತ್ತೇನೆ. ಆದರೂ ಹಾಜರಿ ಪುಸ್ತಕದಲ್ಲಿ ನಿಮ್ಮ ಮಗಳ ಹೆಸರಿನ ಮುಂದೆ ಗೈರು ಬೀಳದಂತೆ ನೋಡಿಕೊಳ್ಳಿ. ಹಳೆಯ ವಿದ್ಯಾರ್ಥಿಗಳಾದ ನಾವು ಆ ತಿಂಗಳುಗಳಲ್ಲಿ ಮನೆಮನೆಗೆ ಹೋಗಿ ವಿಚಾರಿಸೋಣ. ನಾನು ಮೊದಲು ಬರುತ್ತೇನೆ.

ಅಕ್ಕ ಇಲ್ಲೇ, ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಈ ಮಾತುಗಳನ್ನು ಅವಳ ಅಪ್ಪಣೆ ಪಡೆದೇ ಆಡಿದ್ದೇನೆ.